ಕೇಕಿನ ಬೀಟರ್ ಕೊಳ್ಳುವ ಮುನ್ನ

ನವೆಂಬರ್ ತಿಂಗಳು ಮುಗಿಯುತ್ತ ಬಂದು ಆಗಮನ ಕಾಲ ಸಮೀಪಿಸಿತೆಂದರೆ ಸೇಡಂ ರಸ್ತೆಯ ಆಸುಪಾಸಿನ ನಮ್ಮವರ ಮನೆಗಳಲ್ಲಿ ಕೇಕಿನ ಸಿದ್ಧತೆ ಆರಂಭವಾಗುತ್ತದೆ. ಹೆಚ್ಚಿದ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಗಳು ರಮ್ಮಿನಲ್ಲಿಯೋ ದ್ರಾಕ್ಷಿಯ ರಸದಲ್ಲಿಯೋ ನೆನೆಯುತ್ತ ಗಾಜಿನ ಭರಣಿಗಳಲ್ಲಿ ಕುಳಿತಿರುತ್ತವೆ. ಉದ್ಯೋಗಕ್ಕೆಂದು ಕರಾವಳಿಯಿಂದ ಬಂದು ಇಲ್ಲಿಯೇ ನೆಲೆಸಿದವರ ಮನೆಗಳಲ್ಲಿ ಕುಸ್ವಾರಿನ ಲೆಕ್ಕಾಚಾರ ನಡೆದಿರುತ್ತದೆ.

ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಂದ ಈ ಕಾರ್ಯವೆಲ್ಲ ಅವ್ವನದೇ. ಬೆಣ್ಣೆ ಸಕ್ಕರೆಗಳನ್ನು ದೊಡ್ಡ ಬೋಗುಣಿಗೆ ಹಾಕಿ, ಮರದ ಸೌಟಿನಿಂದ ಒಂದೇ ಸಮನೆ ತಿರುವುತ್ತ ಎಂಟು ಕಿಲೋ ಕೇಕು ಮಾಡುತ್ತಿದ್ದರು. ಓಣಿಯ ಹಿಂದೂ, ಮುಸಲ್ಮಾನ ಮನೆಗಳಿಗೂ ಕ್ರಿಸ್ತಜಯಂತಿಯ ದಿನ ತಟ್ಟೆ ಹೋಗಲೇಬೇಕು. ಮೊಟ್ಟೆ ತಿನ್ನದವರಿಗಾಗಿ ಬೇರೆಯ ಕೇಕು ಆಗಲೇಬೇಕು. ಕಳೆದ ವರ್ಷ ಅವರ ಬಲಭುಜದ ನೋವು ಹೆಚ್ಚಿ, ತೋಳನ್ನು ಮೇಲೆತ್ತುವುದೂ ಕಷ್ಟವಾಯಿತು. ಇನ್ನು ಮುಂದೆ ತಿರುವುವ, ರುಬ್ಬುವ ಕೆಲಸ ಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದರು. ಅವ್ವ ಹೆಚ್ಚೇನೂ ಆಡಲಿಲ್ಲ. "ಹಂಗಾದ್ರ ಈ ಸಲ ಓಣಿಯವರಿಗೆ ಏನ್ ಕೊಡೋದು?" ಎಂದಷ್ಟೇ ಕೇಳಿದರು. ಮಕ್ಕಳಾದ ನಾವು ಕೂಡಿ ಒಂದು ವಿದ್ಯುತ್ ಮಿಕ್ಸರ್ ಕೊಳ್ಳುವುದೆಂದು ನಿಶ್ಚಯಿಸಿದೆವು. ಆದರೆ ಯಾವುದನ್ನು ಕೊಳ್ಳುವುದು? ಇದೇ ಪ್ರಶ್ನೆ ಅನೇಕ ಮನೆಗಳಲ್ಲಿಯೂ ಇರುವುದರಿಂದ ನಾವು ಕಂಡುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮನೆಯಲ್ಲಿ ಮಿಕ್ಸಿ ಇರುವಾಗ ಮತ್ತೊಂದು ಯಂತ್ರವೇಕೆ ಎಂದು ಮೊದಲು ನಮಗೂ ಅನಿಸಿತ್ತು. ಹಾಗೆಂದು ಮಿಕ್ಸಿಯ ಜಾರಿಗೇ ಬೆಣ್ಣೆ, ಮೊಟ್ಟೆ, ಮೈದಾ ಎಲ್ಲವನ್ನೂ ಸುರಿದು ತಿರುಗಿಸಿದೆವು. ಹೊರಬಂದ ಕೇಕು ಚಕ್ಕಳದಂತೆ ಬಿಗಿದುಕೊಂಡಿತ್ತು. ಕಾರಣ ತಿಳಿದದ್ದು ಆಮೇಲೆ. ಮಿಕ್ಸಿಯ ಅಲಗು ಬರಿದಾಗಿ ತಿರುಗುವಾಗ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಸುತ್ತುತ್ತದೆ. ಕತ್ತರಿಸುವುದು, ಅರೆಯುವುದು ಅದರ ಧರ್ಮ. ಕೇಕಿಗೆ ಬೇಕಾದದ್ದು ಗಾಳಿ. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಉಜ್ಜಿಕೊಂಡು ಓಡಾಡುವಾಗ ಕಣ್ಣಿಗೆ ಕಾಣದ ಗಾಳಿಯ ಗುಳ್ಳೆಗಳು ಅದರೊಳಗೆ ಸೇರುತ್ತವೆ. ಬೇಕಿಂಗ್ ಪೌಡರು ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ. ಮೊದಲೇ ಸೇರಿರುವ ಗುಳ್ಳೆಗಳನ್ನು ಹಿಗ್ಗಿಸುತ್ತದೆ ಅಷ್ಟೆ. ಮೈದಾ ಸೇರಿದ ಬಳಿಕ ಜೋರಾಗಿ ತಿರುಗಿಸಿದರೆ ಹಿಟ್ಟಿನ ಅಂಟು ಬಲಿತು ಕೇಕು ಗಟ್ಟಿಯಾಗುತ್ತದೆ.

ಒಂದೊಂದು ಯಂತ್ರಕ್ಕೆ ಒಂದೊಂದು ಕೆಲಸವೆಂಬುದಕ್ಕೆ ಇತಿಹಾಸದಲ್ಲಿಯೂ ಸಾಕ್ಷಿಯುಂಟು. ಅಮೆರಿಕದ ಹೋಬಾರ್ಟ್ ಸಂಸ್ಥೆಯ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ 1908ರಲ್ಲಿ ಬೇಕರಿಯವರ ಹಿಟ್ಟು ಕಲಸುವ ದೊಡ್ಡ ಯಂತ್ರವನ್ನು ರೂಪಿಸಿದರು. ಅದರ ಚಿಕ್ಕ ರೂಪ 1919ರಲ್ಲಿ ಕಿಚನ್‌ಏಡ್ ಎಂಬ ಹೆಸರಿನಿಂದ ಮನೆಗಳಿಗೆ ಬಂದಿತು. ನಮ್ಮ ದೇಶದ ಕಥೆಯೇ ಬೇರೆ. ಜರ್ಮನಿಯಲ್ಲಿ ತಯಾರಾದ ಯಂತ್ರ ನಮ್ಮ ಅಡುಗೆಯ ರುಬ್ಬುವಿಕೆಯನ್ನು ತಾಳಲಾರದೆ ಸುಟ್ಟುಹೋದಾಗ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ತಮ್ಮ ಪತ್ನಿಗಾಗಿ ಯೋಚಿಸಿ ಸಿದ್ಧಪಡಿಸಿದ್ದೇ 1963ರಲ್ಲಿ ಬಂದ ಸುಮೀತ್ ಮಿಕ್ಸಿ. ಅವರ ಯಂತ್ರ ನಮ್ಮ ಮಸಾಲೆಗೆ ಸೋತಂತೆ, ನಮ್ಮ ಮಿಕ್ಸಿ ಕೇಕಿಗೆ ಸೋಲುವುದು ಸಹಜವೇ.

ಕೇಕಿಗಾಗಿ ದೊರೆಯುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೈಯಲ್ಲಿ ಹಿಡಿದು ಆಡಿಸುವ ಹ್ಯಾಂಡ್ ಬೀಟರ್ ಒಂದು. ತನ್ನದೇ ಬೋಗುಣಿಯೊಡನೆ ಕಟ್ಟೆಯ ಮೇಲೆ ನಿಲ್ಲುವ ಸ್ಟ್ಯಾಂಡ್ ಮಿಕ್ಸರ್ ಇನ್ನೊಂದು. ಎರಡನೆಯದರಲ್ಲಿ ಬೀಟರ್ ತಾನೂ ತಿರುಗುತ್ತ, ಗ್ರಹಗಳು ಸೂರ್ಯನನ್ನು ಸುತ್ತುವಂತೆ ಬೋಗುಣಿಯನ್ನೂ ಸುತ್ತುತ್ತದೆ. ಬ್ರೆಡ್ಡು, ಪಾವುಗಳ ಗಟ್ಟಿ ಹಿಟ್ಟನ್ನು ನಾದಬಲ್ಲುದು ಇದೇ. ಆದರೆ ಇದರ ಬೆಲೆ ಹ್ಯಾಂಡ್ ಬೀಟರಿನ ಹಲವು ಪಟ್ಟು. ಐದು ಲೀಟರಿನ ಬೋಗುಣಿಗೆ ಎರಡೇ ಮೊಟ್ಟೆ ಹಾಕಿದರೆ ಬೀಟರಿನ ತುದಿಗೆ ಅವು ಎಟುಕುವುದೇ ಕಷ್ಟ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಒಂದು ಲೆಕ್ಕ ಹಾಕಿಕೊಳ್ಳಬೇಕು. ಒಂದು ಸಲಕ್ಕೆ ಎಷ್ಟು ಮೊಟ್ಟೆಯ ಕೇಕು ಮಾಡುತ್ತೇವೆ? ವರ್ಷಕ್ಕೆ ಎಷ್ಟು ಸಲ? ಹಿಟ್ಟು ನಾದುವುದುಂಟೇ? ಮೂರರಿಂದ ಆರು ಮೊಟ್ಟೆಯ ಕೇಕನ್ನು ಹಬ್ಬಹುಣ್ಣಿಮೆಗೆ ಮಾಡುವ ಮನೆಗೆ ಹ್ಯಾಂಡ್ ಬೀಟರ್ ಧಾರಾಳವಾಗಿ ಸಾಕು. ವಾರವಾರವೂ ಬ್ರೆಡ್ಡು ಮಾಡುವವರು, ಕೇಕು ಮಾರಿ ಸಂಸಾರಕ್ಕೆ ಆಸರೆಯಾಗಿರುವ ತಾಯಂದಿರು ಸ್ಟ್ಯಾಂಡ್ ಮಿಕ್ಸರಿಗೆ ಹಣ ಹಾಕಿದರೆ ಅದು ವ್ಯರ್ಥವಲ್ಲ.

ಅಂಗಡಿಯವರು ಮೊದಲು ತೋರಿಸುವುದು ವಾಟ್ ಸಂಖ್ಯೆಯನ್ನು. ಅದು ಯಂತ್ರವು ಸೆಳೆಯುವ ವಿದ್ಯುತ್ತಿನ ಅಳತೆಯೇ ಹೊರತು ಬೀಟರಿನ ತುದಿಯಲ್ಲಿ ದೊರೆಯುವ ಬಲದ ಅಳತೆಯಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಗಳಿವೆ. ಮೊದಲ ವೇಗ ನಿಜಕ್ಕೂ ನಿಧಾನವಾಗಿರಬೇಕು. ಇಲ್ಲವಾದರೆ ಮೈದಾ ಬೋಗುಣಿಯಿಂದ ಹಾರಿ ಮೈಮೇಲೆ ಬೀಳುತ್ತದೆ. ಎಷ್ಟು ನಿಮಿಷ ಬಿಡದೆ ಓಡಿಸಬಹುದೆಂಬುದನ್ನು ಯಂತ್ರದ ಪಟ್ಟಿಯ ಮೇಲೆ ಅಥವಾ ಕೈಪಿಡಿಯಲ್ಲಿ ಓದಬೇಕು. ಅಷ್ಟಾದೊಡನೆ ಅದಕ್ಕೆ ವಿಶ್ರಾಂತಿ ಕೊಡಬೇಕು. ಯಂತ್ರವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಅಂಗಡಿಯಲ್ಲಿಯೇ ನಿಂತು ನೋಡಬೇಕು. ಹಿಡಿದು ನೋಡಬೇಕಾದವರು ಹಣ ಕೊಡುವವರಲ್ಲ, ಅದನ್ನು ಬಳಸುವವರು. ಕೆಟ್ಟರೆ ಕಲಬುರಗಿಯಲ್ಲಿಯೇ ರಿಪೇರಿಯಾಗುವುದೋ, ಹೈದರಾಬಾದಿಗೆ ಕಳಿಸಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳುವುದು ಲೇಸು.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಕುವೈತಿನಲ್ಲಿರುವ ನಮ್ಮ ತಂಗಿ ಅಲ್ಲಿಂದಲೇ ಒಂದನ್ನು ತರುತ್ತೇನೆಂದಳು. ಅಮೆರಿಕದಲ್ಲಿರುವ ಬಂಧುಗಳು ತಮ್ಮ ಹಳೆಯ ಯಂತ್ರವನ್ನೇ ಕೊಡುತ್ತೇವೆಂದರು. ಕುವೈತಿನ ವಿದ್ಯುತ್ತು 240 ವೋಲ್ಟ್, 50 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿಯ ಯಂತ್ರಕ್ಕೆ ಪ್ಲಗ್ಗು ಬದಲಿಸಿದರೆ ಸಾಕು. ಅಮೆರಿಕದ ಮನೆಗಳಲ್ಲಿ 120 ವೋಲ್ಟ್. ಅಲ್ಲಿಯ ಯಂತ್ರವನ್ನು ನೇರವಾಗಿ ನಮ್ಮ ಗೋಡೆಗೆ ಚುಚ್ಚಿದರೆ ಕ್ಷಣದಲ್ಲಿ ಸುಟ್ಟೀತು. ವೋಲ್ಟೇಜು ಇಳಿದಾಗ ಗಟ್ಟಿ ಹಿಟ್ಟಿನಲ್ಲಿ ಮೋಟಾರು ತಿಣುಕಿ ಬಿಸಿಯೇರುತ್ತದೆ. ಆಗ ನಿಲ್ಲಿಸಿ ಕಾಯುವುದೇ ಉತ್ತಮ. ಸ್ಪಂಜಿನ ಕೇಕಿಗೆ ಮೊಟ್ಟೆಯನ್ನು ನೊರೆಬರಿಸುವ ನಡುವೆ ಕರೆಂಟು ಹೋದರೆ ನೊರೆ ಇಳಿದುಹೋಗುತ್ತದೆ. ಆದುದರಿಂದ ಕೈಯಲ್ಲಿ ಆಡಿಸುವ ತಂತಿಯ ವಿಸ್ಕ್ ಒಂದನ್ನು ಬಿಸಾಡದೆ ಇಟ್ಟುಕೊಂಡಿರಬೇಕು.

ನಮ್ಮ ಊರಿನ ಬಿಸಿಲನ್ನೂ ಮರೆಯುವಂತಿಲ್ಲ. ಗಾಳಿಯನ್ನು ಹಿಡಿದಿಡಲು ಬೆಣ್ಣೆ ಸುಮಾರು ಇಪ್ಪತ್ತು ಡಿಗ್ರಿಯಷ್ಟು ತಂಪಾಗಿದ್ದು, ಬೆರಳು ಒತ್ತಿದರೆ ಕುಳಿ ಬೀಳುವಷ್ಟು ಮೃದುವಾಗಿರಬೇಕು. ಡಿಸೆಂಬರಿನ ಬೆಳಗಿನಲ್ಲಿ ಇದು ಸುಲಭ. ಆದರೆ ಪಾಸ್ಖ ಹಬ್ಬ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ. ಆಗ ಕಲಬುರಗಿಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಬೆಣ್ಣೆ ಎಣ್ಣೆಯಾದರೆ ಎಂಥ ಬೆಲೆಬಾಳುವ ಯಂತ್ರವೂ ನಿರುಪಯೋಗಿ. ಬೋಗುಣಿಯನ್ನು ತಣ್ಣೀರಿನ ತಟ್ಟೆಯಲ್ಲಿರಿಸಿ, ಮುಂಜಾನೆಯೇ ಕೆಲಸ ಮುಗಿಸಬೇಕು. ಇನ್ನು ಕೆಲವು ಕೇಕುಗಳಿಗೆ ಯಂತ್ರವೇ ಬೇಡ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕೈಯಿಂದಲೇ ಕಿವುಚಿ, ಎಣ್ಣೆ, ಬೆಲ್ಲ, ಮೊಸರು ಸೇರಿಸಿ, ಮೈದಾ, ಸೋಡಾ ಹಾಕಿ ಸೌಟಿನಲ್ಲಿ ಹತ್ತಾರು ಸಲ ಮಗುಚಿದರೆ ಸಾಕು. ಮೊಟ್ಟೆ ತಿನ್ನದ ನೆರೆಯವರಿಗೆ ಅವ್ವ ಕಳಿಸುವುದು ಇದನ್ನೇ.

ಇಷ್ಟೆಲ್ಲ ತಿಳಿದೂ ನಾವು ಆಸೆಪಟ್ಟದ್ದು ದೊಡ್ಡ ಸ್ಟ್ಯಾಂಡ್ ಮಿಕ್ಸರಿಗೇ. ಅವ್ವನಿಗೆ ಅತ್ಯುತ್ತಮವಾದುದನ್ನೇ ಕೊಡಿಸಬೇಕೆಂಬ ಹಂಬಲ. ಅಂಗಡಿಯಲ್ಲಿ ಅವ್ವ ಅದನ್ನು ಎಡಗೈಯಿಂದ ಕೊಂಚ ಸರಿಸಲು ನೋಡಿ, "ಇದನ್ನ ಎತ್ತಿಡ್ಲಿಕ್ಕೇ ಇನ್ನೊಬ್ಬರು ಬೇಕಲ್ಲಪ್ಪಾ" ಎಂದು ನಕ್ಕರು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಸದಾ ಇಡಲು ಜಾಗವಿರಲಿಲ್ಲ. ಪ್ರತಿ ಸಲವೂ ಕೆಳಗಿಂದ ಎತ್ತಬೇಕಾಗುತ್ತಿತ್ತು. ಭುಜದ ನೋವಿಗೆಂದು ತಂದದ್ದು ಭುಜಕ್ಕೇ ಭಾರವಾಗುತ್ತಿತ್ತು. ಕಡೆಗೆ ಹಗುರವಾದ ಒಂದು ಹ್ಯಾಂಡ್ ಬೀಟರ್ ತಂದೆವು. ಅದನ್ನು ಹಿಡಿಯುವ ಕೆಲಸ ಅವ್ವನದಲ್ಲವೆಂದೂ ಅಂದೇ ತೀರ್ಮಾನಿಸಿದೆವು.

ಕೇಕು ಮಾಡಿದ ದಿನ ಅವ್ವ ಕುರ್ಚಿಯಲ್ಲಿ ಕುಳಿತು ಹೇಳಿದರು. ಹೈಸ್ಕೂಲು ಓದುವ ಮೊಮ್ಮಗ ಬೀಟರ್ ಹಿಡಿದ. ಒಂದೊಂದು ಕಿಲೋದಂತೆ ಎಂಟು ಸಲ, ನಡುನಡುವೆ ಯಂತ್ರವನ್ನು ತಣಿಸುತ್ತ, ಬೆಣ್ಣೆ ಸಕ್ಕರೆಗಳು ಬೆಳ್ಳಗೆ ಹಗುರಾದವು. ಮೈದಾ, ಹಣ್ಣುಗಳನ್ನು ಮಾತ್ರ ಯಂತ್ರಕ್ಕೆ ಕೊಡದೆ ಹಳೆಯ ಮರದ ಸೌಟಿನಿಂದ ಸರದಿಯಂತೆ ನಾವೆಲ್ಲ ಮಗುಚಿದೆವು. ಇಂಗ್ಲೆಂಡಿನಲ್ಲಿ ಆಗಮನ ಕಾಲದ ಹಿಂದಿನ ಭಾನುವಾರ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಕ್ರಿಸ್‌ಮಸ್ ಪುಡಿಂಗನ್ನು ತಿರುವುವ ಹಳೆಯ ರೂಢಿಯುಂಟು. ಮೂವತ್ತು ವರ್ಷ ಅವ್ವ ಒಬ್ಬರೇ ತಿರುವುತ್ತಿದ್ದಾಗ ಆ ರೂಢಿ ನಮಗೇಕೆ ಹೊಳೆಯಲಿಲ್ಲವೆಂದು ನಾಚಿಕೆಯಾಯಿತು.

ಓಣಿಯ ಎಲ್ಲ ಮನೆಗಳಿಗೂ ಎಂದಿನಂತೆ ತಟ್ಟೆಗಳು ಹೋದವು. ಈ ವರ್ಷ ಯಂತ್ರ ಕೊಳ್ಳಲು ಯೋಚಿಸಿರುವ ಕುಟುಂಬಗಳಿಗೆ ನಮ್ಮ ಬಿನ್ನಹವಿಷ್ಟೆ: ಅಡುಗೆಮನೆಯ ಅಳತೆಗೆ, ವಿದ್ಯುತ್ತಿನ ಸ್ಥಿತಿಗೆ, ಮಾಡುವ ಕೇಕಿನ ಪ್ರಮಾಣಕ್ಕೆ ಒಪ್ಪುವುದನ್ನು ಕೊಳ್ಳಿರಿ. ದೊಡ್ಡದೇ ಬೇಕಾದಲ್ಲಿ ನೆರೆಹೊರೆಯ ಮೂರು ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು. ಯಾವುದನ್ನೇ ಕೊಂಡರೂ ಅದನ್ನು ತಾಯಿಯ ಕೈಗೆ ಕೊಟ್ಟು ಸುಮ್ಮನಾಗದೆ, ಹಬ್ಬದ ಕೆಲಸಕ್ಕೆ ನಿಮ್ಮ ಕೈಯನ್ನೂ ಸೇರಿಸಿರಿ.