ಗೆರೆಯಲ್ಲಿ ಬೆಲೆ ಇಲ್ಲ

ಬಿಸ್ಕತ್ ಪೊಟ್ಟಣದ ಹಿಂಬದಿಯ ಕಪ್ಪು ಗೆರೆಗಳಲ್ಲಿ ಅದರ ಬೆಲೆ ಅಡಗಿದೆ ಎಂದು ನಂಬಿದವರು ಬಹಳ ಮಂದಿ. ಬಿಲ್ಲಿಂಗ್ ಕೌಂಟರಿನಲ್ಲಿ 'ಪೀಂ' ಎಂದ ಕೂಡಲೇ ಪರದೆಯ ಮೇಲೆ ರೂಪಾಯಿ ಮೂಡುವುದರಿಂದ ಹಾಗನ್ನಿಸುವುದು ಸಹಜವೇ. ಆದರೆ ಬಾರ್‌ಕೋಡ್‌ನಲ್ಲಿರುವುದು 13 ಅಂಕಿಗಳ ಒಂದು ಸಂಖ್ಯೆ ಮಾತ್ರ, ಹಾಜರಿ ಪುಸ್ತಕದ ರೋಲ್ ನಂಬರ್ ಇದ್ದ ಹಾಗೆ. ಸ್ಕ್ಯಾನರ್ ಆ ಸಂಖ್ಯೆಯನ್ನು ಅಂಗಡಿಯ ಕಂಪ್ಯೂಟರಿಗೆ ಕೊಡುತ್ತದೆ. ಅದು ತನ್ನ ಪಟ್ಟಿಯಲ್ಲಿ ಹುಡುಕಿ ಹೆಸರು, ಬೆಲೆ, ಜಿಎಸ್‌ಟಿ ದರ ತೆಗೆದು ಬಿಲ್ಲಿಗೆ ಹಾಕುತ್ತದೆ, ದಾಸ್ತಾನಿನಿಂದ ಒಂದನ್ನು ಕಳೆಯುತ್ತದೆ. ಅಂಗಡಿಯವರಿಗೆ ದೊಡ್ಡ ಲಾಭ ಇರುವುದು ಈ ಕಳೆಯುವ ಲೆಕ್ಕದಲ್ಲಿ. ಯಾವ ಸೋಪು ಸಂಜೆಯೊಳಗೆ ಖಾಲಿಯಾಗುತ್ತದೆ, ಯಾವುದು ತಿಂಗಳಿಂದ ದೂಳು ತಿನ್ನುತ್ತಿದೆ ಎಂಬುದು ಕಪಾಟು ತಡಕದೆಯೇ ಗೊತ್ತಾಗುತ್ತದೆ.

ಬಾರ್‌ಕೋಡ್‌ನ ಮೂಲ ಅಮೆರಿಕದ್ದು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ 1948ರಲ್ಲಿ, ಕೌಂಟರಿನಲ್ಲಿ ಸರಕನ್ನು ಯಂತ್ರವೇ ಗುರುತಿಸುವಂತೆ ಮಾಡುವ ಸಮಸ್ಯೆಗೆ ಕೈ ಹಾಕಿದರು. ಮಯಾಮಿಯ ಕಡಲ ತೀರದಲ್ಲಿ ಕುಳಿತಿದ್ದ ವುಡ್‌ಲ್ಯಾಂಡ್, ತಾವು ಬಾಲ್ಯದಲ್ಲಿ ಕಲಿತ ಮೋರ್ಸ್ ಸಂಕೇತದ ಚುಕ್ಕೆ-ಗೆರೆಗಳನ್ನು ನೆನೆಯುತ್ತ ಮರಳಿನಲ್ಲಿ ಬೆರಳೆಳೆದರಂತೆ; ದಪ್ಪ-ಸಣ್ಣ ಗೆರೆಗಳ ಉಪಾಯ ಹೊಳೆದದ್ದು ಆಗ. 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಲೇಸರ್ ಇನ್ನೂ ಹುಟ್ಟಿರಲಿಲ್ಲ, ಅಂಗಡಿಗೆ ಎಟಕುವ ಕಂಪ್ಯೂಟರೂ ಇರಲಿಲ್ಲ. ಪ್ರಯೋಗಕ್ಕೆ ಅವರು ಬಳಸಿದ್ದು 500 ವ್ಯಾಟ್‌ನ ಬಲ್ಬು!

ಪೇಟೆಂಟಿನಲ್ಲಿ ಅವರು ಮುಂದಿಟ್ಟ ಮುಖ್ಯ ವಿನ್ಯಾಸ ವೃತ್ತದೊಳಗೊಂದು ವೃತ್ತ. ಯಾವ ದಿಕ್ಕಿನಿಂದ ಓದಿದರೂ ಒಂದೇ ಎಂಬುದು ಅದರ ಜಾಣತನ. ಅದನ್ನು ಸೋಲಿಸಿದ್ದು ಅಚ್ಚಿನ ಮನೆ. ವೇಗವಾಗಿ ಓಡುವ ಕಾಗದದ ಮೇಲೆ ಶಾಯಿ ಓಟದ ದಿಕ್ಕಿಗೆ ತುಸು ಹರಡುತ್ತದೆ. ವೃತ್ತದಲ್ಲಿ ಹಾಗೆ ಹರಡಿದರೆ ಬಿಳಿ ಜಾಗ ಮುಚ್ಚಿ ಓದುವಿಕೆ ಕೆಡುತ್ತದೆ. ನೆಟ್ಟಗಿನ ಗೆರೆಗಳನ್ನು ಕಾಗದ ಓಡುವ ದಿಕ್ಕಿಗೇ ಮುದ್ರಿಸಿದರೆ? ಶಾಯಿ ಹರಡಿದರೂ ಗೆರೆ ಕೂದಲೆಳೆಯಷ್ಟು ಉದ್ದವಾಗುತ್ತದೆ, ದಪ್ಪವಾಗುವುದಿಲ್ಲ. ಐಬಿಎಂನ ಜಾರ್ಜ್ ಲಾರರ್ ಈ ದಾರಿ ಹಿಡಿದರು. 1973ರಲ್ಲಿ ಅಮೆರಿಕದ ದಿನಸಿ ಉದ್ಯಮ ಅದನ್ನೇ ಒಪ್ಪಿಕೊಂಡಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ 67 ಸೆಂಟ್ ಬೆಲೆಯ ರಿಗ್ಲೀಸ್ ಚೂಯಿಂಗ್ ಗಮ್ ಪೊಟ್ಟಣವೊಂದು ಮೊದಲ ಬಾರಿಗೆ 'ಪೀಂ' ಎಂದಿತು.

ಮನೆಯಲ್ಲಿರುವ ಯಾವುದಾದರೂ ಪೊಟ್ಟಣ ಕೈಗೆ ತೆಗೆದುಕೊಳ್ಳಿ. 890 ಎಂದು ಶುರುವಾಗುವ ಸಂಖ್ಯೆಯಲ್ಲಿ ಮೊದಲ 8 ಮಾತ್ರ ಗೆರೆಗಳ ಸಾಲಿನಿಂದ ಹೊರಗೆ, ಎಡಕ್ಕೆ ನಿಂತಿರುತ್ತದೆ. ಅದಕ್ಕೆ ಸ್ವಂತ ಗೆರೆಯೇ ಇಲ್ಲ! ಅಮೆರಿಕದವರು 12 ಅಂಕಿಗೆ ಸಾಕು ಮಾಡಿದ್ದರು. ಯೂರೋಪಿನವರಿಗೆ ಇನ್ನೊಂದು ಬೇಕಾಯಿತು, ಅಗಲ ಹೆಚ್ಚಿಸುವಂತಿರಲಿಲ್ಲ. ಆಗ ಎಡಭಾಗದ ಆರು ಅಂಕಿಗಳಿಗೆ ಎರಡೆರಡು ಬಗೆಯ ಗೆರೆ ವಿನ್ಯಾಸ ಕೊಟ್ಟರು. ಆರರಲ್ಲಿ ಯಾವ ಯಾವ ಅಂಕಿ ಯಾವ ಬಗೆಯಲ್ಲಿದೆ ಎಂಬುದನ್ನು ನೋಡಿಯೇ ಯಂತ್ರ ಎಡಕ್ಕೆ ನಿಂತ ಆ ಮೊದಲ ಅಂಕಿಯನ್ನು ಊಹಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಬಾರ್‌ಕೋಡ್‌ನ ಅತ್ಯಂತ ಚಂದದ ಕಸುಬು ಇದೇ. ಬಲಭಾಗದ ವಿನ್ಯಾಸ ಮತ್ತೂ ಬೇರೆ. ಹಾಗಾಗಿ ಪೊಟ್ಟಣವನ್ನು ತಲೆಕೆಳಗು ಹಿಡಿದರೂ ಯಂತ್ರ ತಬ್ಬಿಬ್ಬಾಗುವುದಿಲ್ಲ.

ಕೊನೆಯ ಅಂಕಿ ಕಾವಲುಗಾರ. 8901234567890 ಎಂಬ ಸಂಖ್ಯೆ ತೆಗೆದುಕೊಳ್ಳೋಣ. ಮೊದಲ ಹನ್ನೆರಡರಲ್ಲಿ ಬೆಸ ಸ್ಥಾನದವುಗಳ ಮೊತ್ತ 28. ಸಮ ಸ್ಥಾನದವುಗಳದು 34, ಅದರ ಮೂರು ಪಟ್ಟು 102. ಎರಡೂ ಸೇರಿ 130. ಹತ್ತರ ಮಗ್ಗಿಗೆ ತಲುಪಲು ಏನೂ ಕೂಡಿಸಬೇಕಿಲ್ಲ, ಆದ್ದರಿಂದ ಕೊನೆಯ ಅಂಕಿ 0. ಒಂದು ಅಂಕಿ ತಪ್ಪಾಗಿ ಓದಿದರೂ ಈ ತಾಳೆ ಕೆಟ್ಟು ಯಂತ್ರ ಮೌನವಾಗಿರುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ಸಿಕ್ಕಿಬೀಳುತ್ತದೆ. 1 ಮತ್ತು 6ರಂತೆ ಅವುಗಳ ನಡುವೆ 5ರ ಅಂತರವಿದ್ದರೆ ಮಾತ್ರ ಕಾವಲುಗಾರ ಮೋಸ ಹೋಗುತ್ತಾನೆ.

890 ಇದ್ದರೆ ಭಾರತದಲ್ಲೇ ತಯಾರಾದದ್ದು, ಇಲ್ಲದಿದ್ದರೆ ವಿದೇಶಿ ಮಾಲು ಎಂಬ ವಾಟ್ಸ್‌ಆ್ಯಪ್ ಸಂದೇಶ ಆಗಾಗ ಸುತ್ತುತ್ತದೆ. ನಂಬಬೇಡಿ. ಆ ಮೂರಂಕಿ ಹೇಳುವುದು ಸಂಖ್ಯೆಯನ್ನು ಕೊಟ್ಟದ್ದು ಜಿಎಸ್‌1 ಇಂಡಿಯಾ ಸಂಸ್ಥೆ ಎಂದಷ್ಟೇ. ವಸ್ತು ಎಲ್ಲಿ ತಯಾರಾಯಿತು ಎಂಬುದನ್ನು ಲೇಬಲ್ಲಿನ ಅಕ್ಷರಗಳಲ್ಲೇ ಓದಬೇಕು.

ತಯಾರಾದ ತಾರೀಕು, ಬ್ಯಾಚು, ಎಕ್ಸ್‌ಪೈರಿ ಯಾವುದೂ ಈ ಗೆರೆಗಳಲ್ಲಿಲ್ಲ. ಅದಕ್ಕೇ ಅವಧಿ ಮುಗಿದ ಪೊಟ್ಟಣವೂ ಕೌಂಟರಿನಲ್ಲಿ ಸಲೀಸಾಗಿ ಬಿಲ್ ಆಗಿಬಿಡುತ್ತದೆ. 300 ಬ್ರ್ಯಾಂಡ್ ಔಷಧಗಳ ಮೇಲೆ 2023ರ ಆಗಸ್ಟ್‌ನಿಂದ ಬ್ಯಾಚು, ಎಕ್ಸ್‌ಪೈರಿ ಸಮೇತದ ಕೋಡ್ ಕಡ್ಡಾಯವಾಗಿದೆ. ಬಿಸ್ಕತ್ತಿಗೆ ಆ ನಿಯಮವಿಲ್ಲ. ನಮ್ಮ ದೇಶದ ಅಂಗಡಿಗಳಿಗೆ ಇನ್ನೊಂದು ಪೇಚು ಎಂಆರ್‌ಪಿಯದು. ಬೆಲೆ ಏರಿದ ಮೇಲೂ ಕಂಪನಿ ಅದೇ ಸಂಖ್ಯೆ ಮುಂದುವರಿಸಿದರೆ, 45 ರೂಪಾಯಿಯ ಹಳೇ ಸ್ಟಾಕು, 48ರ ಹೊಸದು ಒಂದೇ ಕಪಾಟಿನಲ್ಲಿ ಒಂದೇ ಬಾರ್‌ಕೋಡ್ ಹೊತ್ತು ಕೂರುತ್ತವೆ. ಆಗ ಪರದೆ ಎರಡೂ ಬೆಲೆ ತೋರಿಸಿ ಸುಮ್ಮನಾಗುತ್ತದೆ, ಕ್ಯಾಷಿಯರ್ ಪೊಟ್ಟಣ ತಿರುಗಿಸಿ ಎಂಆರ್‌ಪಿ ಓದಿ ಒಂದನ್ನು ಒತ್ತುತ್ತಾರೆ. ಬಿಲ್ಲು ಜಾಸ್ತಿ ಬಂತು ಎಂಬ ತಕರಾರು ಎದ್ದಾಗ ಮೊದಲು ನೋಡಬೇಕಾದ್ದು ಇಲ್ಲಿ.