ಹಸಿದಾಗ ಒಂದಾಗುವ ಅಮೀಬಾಗಳು

ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ಜೀವಿಗಳಿವೆ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಕಾಡಿನ ಮಣ್ಣಿನಲ್ಲಿರುವ ಡಿಕ್ಟಿಯೊಸ್ಟೀಲಿಯಂ ಡಿಸ್ಕಾಯ್ಡಿಯಂ ಅಂಥದ್ದೊಂದು ಅಮೀಬಾ. 1935ರಲ್ಲಿ ಇದನ್ನು ಮೊದಲು ವಿವರಿಸಿದವರು ಅಮೆರಿಕದ ಕೆನೆತ್ ರೇಪರ್.

ಊಟ ಸಿಗುವವರೆಗೆ ಪ್ರತಿಯೊಂದೂ ಒಂಟಿ. ಬ್ಯಾಕ್ಟೀರಿಯಾ ಮುಗಿದರೆ ರಾಸಾಯನಿಕ ಸಂಕೇತ ಕಳಿಸಿ ಒಂದನ್ನೊಂದು ಕರೆಯುತ್ತವೆ. ಸುಮಾರು 1 ಲಕ್ಷದವರೆಗೂ ಸೇರಿ, ಒಂದೇ ಮೈಯಾಗಿ, ಪುಟ್ಟ ಹುಳುವಿನಂತೆ ಬೆಳಕಿನತ್ತ ತೆವಳುತ್ತವೆ. ಕೊನೆಗೆ ಸುಮಾರು 5ರಲ್ಲಿ 1 ಪಾಲು ಸತ್ತು ಕಾಂಡವಾಗುತ್ತದೆ. ಉಳಿದವು ಅದರ ತುದಿಯಲ್ಲಿ ಬೀಜಕಗಳಾಗಿ ಹೊಸ ಜಾಗ ಸೇರುತ್ತವೆ.

ಯಾರು ಸಾಯಬೇಕು, ಯಾರು ಉಳಿಯಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಇಂಥ ಪ್ರಶ್ನೆಗಳ ಬೆನ್ನುಹತ್ತಿದ್ದರು. ಇವತ್ತು ಮಲಗಿಸುವಾಗ ನಿಮ್ಮ ಮಕ್ಕಳನ್ನೂ ಕನ್ನಡದಲ್ಲೇ ಕೇಳಿ: “ನೀನಾಗಿದ್ರೆ ಏನಾಗ್ತಿದ್ದೆ ಪುಟ್ಟಾ, ಕಾಂಡವೋ ಬೀಜಕವೋ? ಯಾಕೆ?” ಆ ‘ಯಾಕೆ’ಗೆ ಉತ್ತರ ಹುಡುಕುವಾಗ ಕನ್ನಡವೂ ಬೆಳೆಯುತ್ತದೆ.