ಸೊಂಟದೊಳಗಿನ ಲೋಹಕ್ಕೊಂದು ವಿಳಾಸ

2010ರ ಆಗಸ್ಟ್‌ನಲ್ಲಿ ಡಿಪ್ಯೂ ಕಂಪನಿ ‘ಎಎಸ್‌ಆರ್’ ಎಂಬ ತನ್ನ ಕೃತಕ ಸೊಂಟದ ಕೀಲನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂದಕ್ಕೆ ಪಡೆಯಿತು. ಲೋಹದ ಬಟ್ಟಲಿನೊಳಗೆ ಲೋಹದ ಗುಂಡು ತಿರುಗುವ ಕೀಲು ಅದು. ಉಜ್ಜಿ ಸವೆದಂತೆಲ್ಲ ಉದುರುವ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸುತ್ತಿದ್ದವು, ರಕ್ತಕ್ಕೂ ಸೇರುತ್ತಿದ್ದವು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಈ ಕೀಲನ್ನು ಕೂರಿಸಲಾಗಿತ್ತು. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ ವಿಚಾರಿಸಿದಾಗ, ಕಂಪನಿಯ ಸಹಾಯವಾಣಿಯ ಮೂಲಕ ಪತ್ತೆಯಾಗಿದ್ದವರು ಸಾವಿರಕ್ಕೆ ತುಸು ಮೇಲಷ್ಟೇ. ಮಿಕ್ಕವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದು ತಿಳಿಯದೇ ಹೋಯಿತು.

ಇದೇ ಕೀಲಿನ ದೋಷ ಆಸ್ಟ್ರೇಲಿಯಾದಲ್ಲಿ ಮೊದಲೇ ಬಯಲಾಗಿತ್ತು. ಕೀಲು ಬದಲಾವಣೆಯ ಪ್ರತಿ ಶಸ್ತ್ರಚಿಕಿತ್ಸೆಯನ್ನೂ ದಾಖಲಿಸುವ ರಾಷ್ಟ್ರೀಯ ನೋಂದಣಿ ಅಲ್ಲಿ 1999ರಲ್ಲೇ ಶುರುವಾಗಿತ್ತು. ಎಎಸ್‌ಆರ್ ಹಾಕಿಸಿಕೊಂಡವರು ಮತ್ತೆ ಮತ್ತೆ ಆಪರೇಷನ್ ಟೇಬಲ್ಲಿಗೆ ಮರಳುತ್ತಿರುವುದು ಅದರ ಅಂಕಿಗಳಲ್ಲಿ ಕಂಡಿತು. 2009ರ ಕೊನೆಗೆ ಆ ದೇಶದಲ್ಲಿ ಮಾರಾಟ ನಿಂತಿತು. ಬ್ರಿಟನ್ನಿನ ನೋಂದಣಿಯ ಪ್ರಕಾರ, ಎಎಸ್‌ಆರ್ ಕೂರಿಸಿದ ನೂರರಲ್ಲಿ 12–13 ಸೊಂಟಗಳಿಗೆ ಐದು ವರ್ಷದೊಳಗೇ ಮರು ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಸ್ವೀಡನ್ ಮಂಡಿ ಕೀಲುಗಳಿಗಾಗಿ ಇಂಥ ನೋಂದಣಿಯನ್ನು 1975ರಲ್ಲೇ ತೆರೆದಿತ್ತು.

ಈ ನೋಂದಣಿಗಳೆಲ್ಲ ನಿಂತಿರುವುದು ಆಪರೇಷನ್ ಥಿಯೇಟರಿನಲ್ಲಿ ಬರೆಯುವ ‘ಆಪರೇಷನ್ ನೋಟ್ಸ್’ ಎಂಬ ಒಂದು ಹಾಳೆಯ ಮೇಲೆ. ಆಪರೇಷನ್ ಮುಗಿದು, ಮುಂದಿನ ರೋಗಿಯನ್ನು ಒಳಗೆ ಕರೆತರುವ ನಡುವಿನ ಅವಸರದಲ್ಲಿ, ಬಹಳ ಸಲ ದಣಿದ ಕಿರಿಯ ವೈದ್ಯರೇ ಅದನ್ನು ಬರೆಯುತ್ತಾರೆ. ಯಾರು ಕೊಯ್ದರು, ಎಲ್ಲಿ ಕೊಯ್ದರು, ಒಳಗೆ ಏನು ಕಂಡಿತು, ಎಷ್ಟು ರಕ್ತ ಹೋಯಿತು, ಯಾವ ಆ್ಯಂಟಿಬಯೋಟಿಕ್ ಕೊಟ್ಟರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಏನು ಮಾಡಬೇಕು, ಆಪರೇಷನ್ ನಂತರದ ಆರೈಕೆ ಹೇಗಿರಬೇಕು, ಇವೆಲ್ಲ ಅದರಲ್ಲಿರಬೇಕು ಎನ್ನುತ್ತದೆ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಮಾರ್ಗಸೂಚಿ. ಒಳಗಿಟ್ಟ ಲೋಹದ ಗುರುತಿನ ಸಂಖ್ಯೆಯೂ ಇರಬೇಕು. ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆದಾಗ ಇವುಗಳಲ್ಲಿ ಒಂದೆರಡು ಬಿಟ್ಟುಹೋಗುವುದು ಸಹಜ. ಪ್ರತಿ ವಿವರಕ್ಕೂ ಜಾಗ ಬಿಟ್ಟು ಅಚ್ಚು ಹಾಕಿದ ನಮೂನೆಯನ್ನೋ ಕಂಪ್ಯೂಟರಿನಲ್ಲಿ ತುಂಬುವ ನಮೂನೆಯನ್ನೋ ಕೊಟ್ಟರೆ ಬಿಟ್ಟುಹೋಗುವುದು ಕಡಿಮೆಯಾಗುತ್ತದೆ. ವೈದ್ಯರ ಕೈಬರಹ ಓದುವ ಕಷ್ಟವೂ ತಪ್ಪುತ್ತದೆ. ಇಷ್ಟು ಅಗ್ಗದ ಸುಧಾರಣೆ ವೈದ್ಯಲೋಕದಲ್ಲಿ ಅಪರೂಪ.

ಮೂಳೆ ವಿಭಾಗದಲ್ಲಿ ಈ ಹಾಳೆಗೆ ಇನ್ನೊಂದು ತೂಕವಿದೆ. ಅಪೆಂಡಿಕ್ಸ್ ತೆಗೆದರೆ ಅದು ಹೊರಗೆ ಹೋಯಿತು. ರಾಡ್, ಪ್ಲೇಟ್ ಹಾಕಿದರೆ ಅದು ಒಳಗೆ ಉಳಿಯಿತು. ಬೈಕಿನಿಂದ ಬಿದ್ದು ತೊಡೆಮೂಳೆಗೆ ಪ್ಲೇಟ್ ಹಾಕಿಸಿಕೊಂಡವರು ಹತ್ತು ವರ್ಷದ ಬಳಿಕ, ಬೇರೆ ಊರಿನಲ್ಲಿ, ಅದನ್ನು ತೆಗೆಸಬೇಕಾಗಿ ಬರಬಹುದು. ಆಗ ಎಕ್ಸ್‌ರೇಯಲ್ಲಿ ಸ್ಕ್ರೂ ಕಾಣುತ್ತದೆ. ಅದು ಯಾವ ಕಂಪನಿಯದು ಎಂಬುದು ಕಾಣುವುದಿಲ್ಲ. ಸ್ಕ್ರೂವಿನ ತಲೆಯಲ್ಲಿರುವುದು ಆರು ಮೂಲೆಯ ಕುಳಿಯೋ ನಕ್ಷತ್ರಾಕಾರದ್ದೋ ಎಂದು ಮೊದಲೇ ಗೊತ್ತಿದ್ದರೆ ಸರಿಯಾದ ಸ್ಕ್ರೂಡ್ರೈವರ್ ಸಿದ್ಧವಿರುತ್ತದೆ. ಇಲ್ಲದಿದ್ದರೆ ಸ್ಕ್ರೂವಿನ ತಲೆ ಸವೆಯುತ್ತದೆ, ಡ್ರಿಲ್ ಹಾಕಬೇಕಾಗುತ್ತದೆ, ಅರಿವಳಿಕೆಯ ಹೊತ್ತು ಬೆಳೆಯುತ್ತದೆ. ಕೃತಕ ಕೀಲುಗಳ ಪೊಟ್ಟಣದಲ್ಲಿ ಲಾಟ್ ಸಂಖ್ಯೆಯ ಸ್ಟಿಕ್ಕರ್ ಬರುತ್ತದೆ, ಅಂಟಿಸಿದರಾಯಿತು. ಟ್ರೇಯಿಂದ ಒಂದೊಂದಾಗಿ ಎತ್ತಿಕೊಳ್ಳುವ ಬಿಡಿ ಸ್ಕ್ರೂಗಳಿಗೆ ಸಾಮಾನ್ಯವಾಗಿ ಆ ಸ್ಟಿಕ್ಕರೂ ಇರುವುದಿಲ್ಲ. ಅಲ್ಲಿ ಕೈಯಾರೆ ಬರೆಯುವುದೊಂದೇ ದಾರಿ.

ಹೀಗೆ ಬರೆದಿಡಬೇಕೆಂಬ ಹಟ ಹೊಸದಲ್ಲ. ಬಾಸ್ಟನ್ನಿನ ಭುಜತಜ್ಞ ಅರ್ನೆಸ್ಟ್ ಕಾಡ್ಮನ್ ಶತಮಾನದ ಹಿಂದೆಯೇ ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟು, ವರ್ಷ ಕಳೆದ ಮೇಲೂ ವಿಚಾರಿಸಿ ಫಲಿತಾಂಶ ಬರೆದಿಟ್ಟ. ಆಸ್ಪತ್ರೆಗಳೂ ಹಾಗೆ ಮಾಡಬೇಕೆಂದು ಒತ್ತಾಯಿಸಿ ಸಹೋದ್ಯೋಗಿಗಳ ವಿರೋಧ ಕಟ್ಟಿಕೊಂಡ. 1920ರಲ್ಲಿ ಮೂಳೆ ಕ್ಯಾನ್ಸರಿನ ನೋಂದಣಿಯನ್ನೂ ಆರಂಭಿಸಿದ. ಅವನು ಕೇಳಿದ್ದು ವೈದ್ಯ ತನ್ನ ಕೆಲಸದ ಕೊನೆಯನ್ನು ತಿಳಿದಿರಬೇಕು ಎಂಬುದನ್ನಷ್ಟೇ.

ನಮ್ಮಲ್ಲಿ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಯ್ದಿಟ್ಟರೆ ಸಾಕು. ಹದಿನೈದು, ಇಪ್ಪತ್ತು ವರ್ಷ ಬಾಳುವ ಕೀಲಿಗೆ ಮೂರು ವರ್ಷದ ದಾಖಲೆ ಯಾವ ನ್ಯಾಯ? ಲೋಹ ಒಳಗಿರುವಷ್ಟು ಕಾಲ ಅದರ ಕಾಗದವೂ ಉಳಿಯಬೇಕು ಎಂದು ನಿಯಮ ತಿದ್ದಬೇಕು. ಅಲ್ಲಿಯವರೆಗೆ ಆ ಕಾಗದವನ್ನು ರೋಗಿಯ ಮನೆಯವರೇ ಕಾಯಬೇಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದೇ ನಿಯಮ ಹೇಳುತ್ತದೆ. ಅಪ್ಪನ ಮಂಡಿ ಆಪರೇಷನ್ ಆಗಿದ್ದರೆ, ಡಿಸ್ಚಾರ್ಜ್ ಸಮ್ಮರಿಯ ಜತೆಗೆ ಆಪರೇಷನ್ ನೋಟ್ಸ್‌ನ ಪ್ರತಿ ಮತ್ತು ಸ್ಟಿಕ್ಕರ್ ಅಂಟಿಸಿದ ಹಾಳೆಯನ್ನೂ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಅವುಗಳ ಫೋಟೊ ಇಟ್ಟುಕೊಳ್ಳಿ.